ಗಾಳಿ, ಬಿಸಿಲು, ಮಣ್ಣು: ಕ್ಷಯಚಿಕಿತ್ಸೆಯ ಇತಿಹಾಸದಲ್ಲಿ ನಿಸರ್ಗದ ಸ್ಥಾನ

ಕಠಿಣವಾದ ವ್ಯಾಧಿಯೊಂದು ಮೈಗೆ ಅಂಟಿದಾಗ ಮನುಷ್ಯನು ಎರಡು ಆಸರೆಗಳನ್ನು ಅರಸುತ್ತಾನೆ. ಒಂದು, ವೈದ್ಯನ ಕೈ. ಮತ್ತೊಂದು, ಮನೆಯ ಹೊಸ್ತಿಲಾಚೆಗಿನ ಗಾಳಿ, ಬಿಸಿಲು, ಗಿಡಮರಗಳು. “ಹವಾ ಬದಲಾದರೆ ಗುಣವಾದೀತು” ಎಂಬ ಮಾತನ್ನು ನಮ್ಮ ಹಿರಿಯರು ಎಷ್ಟೋ ರೋಗಿಗಳ ಹಾಸಿಗೆಯ ಪಕ್ಕದಲ್ಲಿ ಕುಳಿತು ಆಡಿದ್ದಾರೆ. ಈ ನಂಬಿಕೆಯಲ್ಲಿ ಸತ್ಯಾಂಶವೆಷ್ಟು, ಭ್ರಾಂತಿಯೆಷ್ಟು? ನಿಸರ್ಗವು ರೋಗವನ್ನು ಕಳೆಯುತ್ತದೆಯೆ, ಇಲ್ಲವೆ ರೋಗಿಯನ್ನು ಕಾಯುತ್ತದೆಯೆ? ಮೇಲ್ನೋಟಕ್ಕೆ ಈ ಎರಡೂ ಒಂದೇ ಎಂದು ತೋರಿದರೂ ಅವುಗಳ ನಡುವಣ ಅಂತರವನ್ನು ಅರಿಯದೆ ಪ್ರಾಣ ಕಳೆದುಕೊಂಡವರುಂಟು. ಕಳೆದುಕೊಳ್ಳುವ ಅಂಚಿನವರೆಗೆ ಹೋಗಿ ಮರಳಿದವರಲ್ಲಿ ಈ ಲೇಖಕನೂ ಒಬ್ಬನು. ಆ ಮಾತನ್ನು ಮುಂದೆ ಹೇಳುತ್ತೇನೆ.

ಈ ಪ್ರಶ್ನೆಯನ್ನು ಇತಿಹಾಸದ ಒರೆಗಲ್ಲಿಗೆ ಹಚ್ಚಲು ಕ್ಷಯರೋಗದಷ್ಟು ತಕ್ಕ ನಿದರ್ಶನ ಬೇರೊಂದಿಲ್ಲ. ಸರಿಸುಮಾರು ನೂರು ವರ್ಷಗಳ ಕಾಲ ಜಗತ್ತು ಈ ಒಂದು ರೋಗಕ್ಕೆ ಬೆಟ್ಟದ ಗಾಳಿಯನ್ನೇ ಮದ್ದೆಂದು ನಂಬಿತು. ಅದಕ್ಕಾಗಿಯೇ ಕಾಡಿನ ನಡುವೆ ಆರೋಗ್ಯಧಾಮಗಳನ್ನು ಕಟ್ಟಿತು. ಕೊನೆಗೆ ಅದೇ ನಂಬಿಕೆಯನ್ನು ಪ್ರಯೋಗದಿಂದ ಪರೀಕ್ಷಿಸಿಯೂ ನೋಡಿತು. ಆ ಪರೀಕ್ಷೆ ನಡೆದದ್ದು ದೂರದ ಯೂರೋಪಿನಲ್ಲಲ್ಲ, ನಮ್ಮ ನೆರೆಯ ಮದರಾಸಿನಲ್ಲಿ.

ಕ್ಷಯವು ಬಹು ಪ್ರಾಚೀನವಾದ ವ್ಯಾಧಿ. ಚರಕಸಂಹಿತೆಯಲ್ಲಿ ಇದಕ್ಕೆ ರಾಜಯಕ್ಷ್ಮವೆಂಬ ಹೆಸರಿದೆ. ದಕ್ಷನ ಮಕ್ಕಳನ್ನು ಮದುವೆಯಾದ ಚಂದ್ರನು ರೋಹಿಣಿಯೊಬ್ಬಳಲ್ಲಿಯೇ ಮನಸೋತು ಉಳಿದವರನ್ನು ಕಡೆಗಣಿಸಿದ್ದರಿಂದ ಮಾವನ ಕೋಪಕ್ಕೆ ತುತ್ತಾಗಿ ದಿನದಿನಕ್ಕೆ ಕ್ಷೀಣಿಸಿದನೆಂದೂ, ಅಶ್ವಿನೀದೇವತೆಗಳು ಆತನಿಗೆ ಚಿಕಿತ್ಸೆ ಮಾಡಿದರೆಂದೂ ಅಲ್ಲಿಯ ಕಥೆ. ಕೃಷ್ಣಪಕ್ಷದ ಚಂದ್ರನಂತೆ ದೇಹವು ಸವೆಯುತ್ತ ಹೋಗುವ ಈ ರೋಗಕ್ಕೆ ಇದಕ್ಕಿಂತ ಒಪ್ಪುವ ರೂಪಕವನ್ನು ಕಾಣೆವು. ಪುಷ್ಟಿಕರವಾದ ಆಹಾರ, ಆಡಿನ ಹಾಲು, ವಿಶ್ರಾಂತಿ ಇವು ನಮ್ಮ ಪ್ರಾಚೀನ ವೈದ್ಯರು ಹೇಳಿದ ಉಪಚಾರಗಳು. ರೋಗದ ಮೂಲವು ತಿಳಿಯದಿದ್ದ ಕಾಲದಲ್ಲಿಯೂ ಸವೆಯುವ ದೇಹಕ್ಕೆ ಪೋಷಣೆ ಬೇಕೆಂಬುದನ್ನು ಅವರು ಕಂಡುಕೊಂಡಿದ್ದರು ಎಂಬುದು ಗಮನಾರ್ಹ.

ಯೂರೋಪಿನಲ್ಲಿ ಈ ವಿಚಾರಕ್ಕೆ ಸಂಸ್ಥೆಯ ರೂಪ ಬಂದದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. ಹರ್ಮನ್ ಬ್ರೆಮರ್ ಎಂಬ ಜರ್ಮನ್ ವೈದ್ಯನು ೧೮೫೦ರ ದಶಕದಲ್ಲಿ ಸೈಲೀಸಿಯ ಪ್ರಾಂತದ ಗೋರ್ಬರ್ಸ್‌ಡಾರ್ಫ್ ಎಂಬ ಬೆಟ್ಟದೂರಿನಲ್ಲಿ ಕ್ಷಯರೋಗಿಗಳಿಗಾಗಿ ಚಿಕಿತ್ಸಾಧಾಮವನ್ನು ತೆರೆದನು. ಆ ಊರು ಇಂದು ಪೋಲೆಂಡಿನಲ್ಲಿದೆ. ಕ್ಷಯವು ಆರಂಭದ ಹಂತದಲ್ಲಿ ಗುಣವಾಗಬಲ್ಲ ರೋಗ ಎಂಬುದು ಆತನ ವಾದ. ಅಂದಿನ ವೈದ್ಯಲೋಕಕ್ಕೆ ಅದು ಹೊಸ ಮಾತು. ಬೆಟ್ಟದ ಗಾಳಿ, ಧಾರಾಳವಾದ ಊಟ, ದಿನದಿನಕ್ಕೆ ತುಸುತುಸು ಹೆಚ್ಚಿಸುತ್ತ ಹೋಗುವ ನಡಿಗೆ ಇವು ಆತನ ಚಿಕಿತ್ಸೆಯ ಅಂಗಗಳು. ಆತನಲ್ಲಿ ಮೊದಲು ರೋಗಿಯಾಗಿದ್ದು ಆಮೇಲೆ ಸಹಾಯಕನಾದ ಪೀಟರ್ ಡೆಟ್‌ವೈಲರ್ ೧೮೭೬ರಲ್ಲಿ ಫಾಲ್ಕೆನ್‌ಸ್ಟೈನ್‌ನಲ್ಲಿ ಇನ್ನೊಂದು ಧಾಮವನ್ನು ಆರಂಭಿಸಿದನು. ಈತನು ಗುರುವಿನ ನಡಿಗೆಯ ನಿಯಮವನ್ನು ಹಿಂದಿಟ್ಟು, ತೆರೆದ ಪಡಸಾಲೆಯಲ್ಲಿ ಒರಗುಕುರ್ಚಿಯ ಮೇಲೆ ಗಂಟೆಗಟ್ಟಲೆ ಮಲಗಿ ವಿಶ್ರಮಿಸುವುದನ್ನೇ ಮುಖ್ಯವಾಗಿಸಿದನು. ಗುರುಶಿಷ್ಯರು ನಡಿಗೆ ವಿಶ್ರಾಂತಿಗಳ ವಿಷಯದಲ್ಲಿ ಭಿನ್ನಾಭಿಪ್ರಾಯ ತಾಳಿದರೂ ಶುದ್ಧವಾದ ಗಾಳಿಯ ವಿಷಯದಲ್ಲಿ ಇಬ್ಬರದೂ ಒಂದೇ ಮತ.

೧೮೮೨ರ ಮಾರ್ಚ್ ೨೪ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಕ್ಷಯಕ್ಕೆ ಕಾರಣವಾದ ರೋಗಾಣುವನ್ನು ಕಂಡುಹಿಡಿದುದಾಗಿ ಪ್ರಕಟಿಸಿದನು. ಇಲ್ಲಿ ಒಂದು ತೊಡಕು ಹುಟ್ಟಿತು. ರೋಗವು ಸೂಕ್ಷ್ಮಜೀವಿಯಿಂದ ಬರುವುದಾದರೆ ಗಾಳಿಗೂ ಊಟಕ್ಕೂ ಏನು ಕೆಲಸ? ಈ ಪ್ರಶ್ನೆಯನ್ನು ಎತ್ತಿಕೊಂಡವನು ಅಮೆರಿಕದ ಎಡ್ವರ್ಡ್ ಟ್ರೂಡೋ. ಈತನ ಜೀವನವೇ ಒಂದು ಕಥೆ. ಎಳೆಯ ವಯಸ್ಸಿನಲ್ಲಿ ಕ್ಷಯದಿಂದ ನರಳಿದ ಅಣ್ಣನ ಶುಶ್ರೂಷೆ ಮಾಡಿದನು, ಅಣ್ಣ ಉಳಿಯಲಿಲ್ಲ. ನ್ಯೂಯಾರ್ಕಿನಲ್ಲಿ ವೈದ್ಯನಾಗಿ ನೆಲೆಸಿದ ಮೇಲೆ ೧೮೭೩ರಲ್ಲಿ ತನಗೇ ಆ ರೋಗವಿದೆಯೆಂದು ತಿಳಿಯಿತು. ಬದುಕುವ ಆಸೆಯನ್ನು ಬಿಟ್ಟು, ಕೊನೆಯ ದಿನಗಳನ್ನು ತನಗೆ ಪ್ರಿಯವಾದ ಅಡಿರಾಂಡಕ್ ಪರ್ವತದ ಕಾಡಿನಲ್ಲಿ ಕಳೆಯೋಣವೆಂದು ಹೋದನು. ಸಾಯಲೆಂದು ಹೋದವನು ಚೇತರಿಸಿಕೊಂಡನು. ಅಲ್ಲಿಯ ಸರನಾಕ್ ಸರೋವರದ ಬಳಿ ೧೮೮೪-೮೫ರಲ್ಲಿ ಬಡರೋಗಿಗಳಿಗಾಗಿ ಆತನು ತೆರೆದ ಧಾಮದ ಮೊದಲ ರೋಗಿಗಳು ನ್ಯೂಯಾರ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಇಬ್ಬರು ಅಕ್ಕತಂಗಿಯರು.

ಟ್ರೂಡೋ ತನ್ನ ಅನುಭವವನ್ನೇ ಪ್ರಮಾಣವೆಂದು ಭಾವಿಸಿ ಸುಮ್ಮನಾಗಲಿಲ್ಲ. ಇದು ಆತನ ದೊಡ್ಡತನ. ೧೮೮೭ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಆತನು ಮೊಲಗಳನ್ನು ಐದೈದರಂತೆ ಮೂರು ಗುಂಪು ಮಾಡಿದನು. ಮೊದಲ ಗುಂಪಿಗೆ ಕ್ಷಯದ ರೋಗಾಣುಗಳನ್ನು ಚುಚ್ಚಿ ಕತ್ತಲೆಯ ಇಕ್ಕಟ್ಟಾದ ಜಾಗದಲ್ಲಿ ಅರೆಹೊಟ್ಟೆಯಲ್ಲಿ ಕೂಡಿಹಾಕಿದನು. ಎರಡನೆಯ ಗುಂಪಿಗೆ ರೋಗಾಣು ಚುಚ್ಚದೆ ಅಂಥದೇ ದುಃಸ್ಥಿತಿಯಲ್ಲಿ ಇರಿಸಿದನು. ಮೂರನೆಯ ಗುಂಪಿಗೆ ರೋಗಾಣು ಚುಚ್ಚಿ, ಸರೋವರದ ದ್ವೀಪವೊಂದರಲ್ಲಿ ಬಯಲಿಗೆ ಬಿಟ್ಟು ಹೊಟ್ಟೆತುಂಬ ಮೇವು ಕೊಟ್ಟನು. ಮೂರು ತಿಂಗಳೊಳಗೆ ಮೊದಲ ಗುಂಪಿನ ನಾಲ್ಕು ಮೊಲಗಳು ಸತ್ತವು. ಎರಡನೆಯ ಗುಂಪಿನವು ಬಡಕಲಾದರೂ ಅವಕ್ಕೆ ಕ್ಷಯ ಬರಲಿಲ್ಲ. ದ್ವೀಪದ ಐದರಲ್ಲಿ ಒಂದು ಮಾತ್ರ ಸತ್ತು, ಉಳಿದ ನಾಲ್ಕು ಗಟ್ಟಿಮುಟ್ಟಾಗಿ ಉಳಿದವು. ಈ ಪ್ರಯೋಗ ಚಿಕ್ಕದು, ಮೊಲಗಳ ಸಂಖ್ಯೆ ಅಲ್ಪ. ಆದರೂ ಅದರ ಮಾತು ಸ್ಪಷ್ಟ: ಕೆಟ್ಟ ವಾತಾವರಣವು ತಾನೇ ಕ್ಷಯವನ್ನು ತರಲಾರದು; ಆದರೆ ರೋಗಾಣು ಹೊಕ್ಕ ಮೇಲೆ ದೇಹವು ಅದನ್ನು ಎದುರಿಸುವ ಬಗೆಯನ್ನು ಗಾಳಿ, ಬೆಳಕು, ಆಹಾರಗಳು ಬಹುಮಟ್ಟಿಗೆ ನಿರ್ಧರಿಸುತ್ತವೆ.

ಈ ವಿಚಾರವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತಕ್ಕೂ ಬಂದಿತು. ೧೯೦೬ರಲ್ಲಿ ಅಜಮೇರಿನ ಬಳಿಯ ತಿಲೋನಿಯದಲ್ಲಿ ಕ್ರೈಸ್ತ ಮಿಷನರಿಗಳು ಬಯಲುಗಾಳಿಯ ಆರೋಗ್ಯಧಾಮವನ್ನು ಸ್ಥಾಪಿಸಿದರು. ೧೯೧೨ರಲ್ಲಿ ಕುಮಾವೂ ಬೆಟ್ಟಗಳ ಭೋವಾಲಿಯಲ್ಲಿ ಪೈನ್ ಮರಗಳ ನಡುವೆ ಇನ್ನೊಂದು ಧಾಮ ಎದ್ದಿತು. ೧೯೧೫ರಲ್ಲಿ ಮದನಪಲ್ಲೆಯ ಬಳಿ ಹಲವು ಮಿಷನ್‌ಗಳು ಕೂಡಿ ನಡೆಸಿದ ಧಾಮ ನೆಲೆಗೊಂಡಿತು. ಆ ಸ್ಥಳಕ್ಕೆ ಆರೋಗ್ಯವರಂ ಎಂದೇ ಹೆಸರಾಯಿತು. ಕನ್ನಡನಾಡಿನಲ್ಲಿ ಈ ವ್ಯಾಧಿಯು ಅರಮನೆಯ ಬಾಗಿಲನ್ನೂ ತಟ್ಟಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದಲೇ ತೀರಿಕೊಂಡರು. ಅವರ ಹೆಸರಿನಲ್ಲಿ ಮೈಸೂರಿನ ಅಂಚಿನ ವಿಶಾಲವಾದ ಬಯಲಿನಲ್ಲಿ ೧೯೨೧ರಲ್ಲಿ ಕ್ಷಯರೋಗದ ಆರೋಗ್ಯಧಾಮವು ಆರಂಭವಾಯಿತು. ರಾಜಯಕ್ಷ್ಮವೆಂಬ ಹೆಸರಿಗೆ ಇತಿಹಾಸವು ಒದಗಿಸಿದ ದಾರುಣವಾದ ವ್ಯಾಖ್ಯಾನವಿದು.

ಧಾಮದ ದಿನಚರಿಯು ಮಠದ ದಿನಚರಿಯಷ್ಟೇ ಕಟ್ಟುನಿಟ್ಟಾಗಿರುತ್ತಿತ್ತು. ಬೆಳಗಿನ ಜ್ವರ ಅಳೆಯುವುದು, ಹಾಲು, ತೆರೆದ ಜಗಲಿಯಲ್ಲಿ ಮಂಚ, ಮಧ್ಯಾಹ್ನದ ಮೌನದ ಹೊತ್ತು, ವೈದ್ಯನು ಅಳೆದುಕೊಟ್ಟಷ್ಟೇ ನಡಿಗೆ, ಮತ್ತೆ ಜ್ವರ ಅಳೆಯುವುದು. ಹೀಗೆ ತಿಂಗಳುಗಳಲ್ಲ, ವರ್ಷಗಳೇ ಕಳೆಯುತ್ತಿದ್ದವು. ಇದರಿಂದ ಕೆಲವರು ಗುಣ ಹೊಂದಿದರು ಎಂಬುದು ನಿಜ. ರೋಗಿಯು ಮನೆಯಿಂದ ದೂರವಿದ್ದುದರಿಂದ ಮಕ್ಕಳುಮರಿಗೆ ಸೋಂಕು ತಗಲುವ ಸಂಭವ ತಗ್ಗಿತು ಎಂಬುದೂ ನಿಜ. ಆದರೆ ಅನೇಕರು ಆ ಶುದ್ಧವಾದ ಗಾಳಿಯಲ್ಲಿಯೇ ಕಣ್ಣುಮುಚ್ಚಿದರು. ಕಮಲಾ ನೆಹರೂ ಅವರು ಭೋವಾಲಿಯ ಪೈನ್ ಮರಗಳ ನಡುವೆಯೂ ಇದ್ದರು, ಯೂರೋಪಿನ ಧಾಮಗಳಿಗೂ ಹೋದರು. ೧೯೩೬ರ ಫೆಬ್ರವರಿ ೨೮ರಂದು ಸ್ವಿಟ್ಸರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು. ಟ್ರೂಡೋವಿನ ಮಗಳೂ ಕ್ಷಯಕ್ಕೆ ಬಲಿಯಾದಳು; ೧೯೧೫ರಲ್ಲಿ ಆತನೂ ಅದೇ ರೋಗದಿಂದ ಮಡಿದನು. ಕಾಡು ಆತನಿಗೆ ನಾಲ್ವತ್ತು ವರ್ಷಗಳ ಗಡುವು ಕೊಟ್ಟಿತು; ರೋಗದಿಂದ ಬಿಡುಗಡೆಯನ್ನು ಕೊಡಲಿಲ್ಲ.

ಬಿಡುಗಡೆ ಬಂದದ್ದು ಎಲ್ಲಿಂದ? ಇಲ್ಲಿ ಇತಿಹಾಸವು ನಮ್ಮನ್ನು ಬೆರಗುಗೊಳಿಸುತ್ತದೆ. ೧೯೪೩ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಸೆಲ್ಮನ್ ವಾಕ್ಸ್‌ಮನ್ನರ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದ ಆಲ್ಬರ್ಟ್ ಶಾಟ್ಸ್ ಎಂಬ ತರುಣನು ಮಣ್ಣಿನಲ್ಲಿ ವಾಸಿಸುವ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿಯನ್ನು ಬೇರ್ಪಡಿಸಿದನು. ಕ್ಷಯದ ರೋಗಾಣುವನ್ನು ಅಡಗಿಸುವ ಮೊದಲ ಸಮರ್ಥವಾದ ಮದ್ದು ಅದು. ೧೯೫೨ರಲ್ಲಿ ಐಸೊನಯಜಿಡ್ ಬಳಕೆಗೆ ಬಂದಿತು. ೧೯೫೭ರಲ್ಲಿ ಫ್ರಾನ್ಸಿನ ದಕ್ಷಿಣ ಕರಾವಳಿಯ ಸೇಂಟ್ ರಫಾಯೆಲ್ ಎಂಬ ಊರಿನ ಪೈನ್ ತೋಪಿನಿಂದ ತಂದ ಮಣ್ಣಿನಲ್ಲಿ ಮಿಲಾನಿನ ಸಂಶೋಧಕರಿಗೆ ಮತ್ತೊಂದು ಸೂಕ್ಷ್ಮಜೀವಿ ದೊರೆಯಿತು. ಅದರಿಂದಲೇ ಮುಂದೆ ರಿಫಾಂಪಿಸಿನ್ ಎಂಬ ಪ್ರಬಲವಾದ ಔಷಧಿ ಹುಟ್ಟಿತು. ನೂರು ವರ್ಷಗಳ ಕಾಲ ರೋಗಿಗಳು ಪೈನ್ ಮರಗಳ ಕೆಳಗೆ ಮಲಗಿ, ಮರದ ಮೇಲಿನಿಂದ ಬೀಸುವ ಗಾಳಿಯಲ್ಲಿ ಮದ್ದನ್ನು ಹುಡುಕಿದರು. ಮದ್ದಿನ ಬೀಜವು ಮರದ ಬುಡದ ಮಣ್ಣಿನಲ್ಲಿತ್ತು. ನಿಸರ್ಗವು ಕೊಡಲು ಒಲ್ಲೆನೆಂದಿರಲಿಲ್ಲ. ಪಡೆಯುವ ಬಗೆ ನಮಗೆ ತಿಳಿದಿರಲಿಲ್ಲ.

ಔಷಧಿಗಳು ಬಂದ ಮೇಲೆ ಆರೋಗ್ಯಧಾಮಗಳ ಅಗತ್ಯವೇನೆಂಬ ಪ್ರಶ್ನೆ ಎದ್ದಿತು. ೧೯೫೬ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿ ಕೂಡಿ ಮದರಾಸಿನಲ್ಲಿ ಒಂದು ಸಂಶೋಧನಾ ಕೇಂದ್ರವನ್ನು ತೆರೆದವು. ಅಲ್ಲಿಯ ಮೊದಲ ಅಧ್ಯಯನದಲ್ಲಿ ನಗರದ ಬಡ ಕ್ಷಯರೋಗಿಗಳನ್ನು, ಆಯ್ಕೆಗೆ ಎಡೆಯಿಲ್ಲದಂತೆ ಚೀಟಿ ಎತ್ತುವ ರೀತಿಯಲ್ಲಿ, ಎರಡು ಗುಂಪು ಮಾಡಿದರು. ಒಂದು ಗುಂಪಿನವರು ಆರೋಗ್ಯಧಾಮದಲ್ಲಿ ಒಳ್ಳೆಯ ಊಟ, ಗಾಳಿ, ವಿಶ್ರಾಂತಿಗಳೊಡನೆ ಒಂದು ವರ್ಷ ಔಷಧಿ ಪಡೆದರು. ಇನ್ನೊಂದು ಗುಂಪಿನವರು ಅದೇ ಔಷಧಿಯನ್ನು ಪಡೆದು ತಮ್ಮ ಇಕ್ಕಟ್ಟಾದ ಮನೆಗಳಲ್ಲಿಯೇ, ಕಡಿಮೆ ಊಟದಲ್ಲಿ, ದುಡಿಮೆಯ ನಡುವೆಯೇ ಇದ್ದರು. ೧೯೫೯ರಲ್ಲಿ ಪ್ರಕಟವಾದ ಫಲಿತಾಂಶವು ಜಗತ್ತಿನ ಕ್ಷಯಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು: ಎರಡೂ ಗುಂಪಿನವರು ಹೆಚ್ಚುಕಡಿಮೆ ಸರಿಸಮವಾಗಿ ಗುಣ ಹೊಂದಿದ್ದರು. ಮನೆಯವರಿಗೆ ಸೋಂಕು ತಗಲುವ ಅಪಾಯವೂ ಮನೆಚಿಕಿತ್ಸೆಯಿಂದ ಹೆಚ್ಚಿರಲಿಲ್ಲ. ಧಾಮಕ್ಕೆ ಹೋಗಲಾಗದ ಲಕ್ಷಾಂತರ ಬಡವರಿಗೆ ಇದು ಅಭಯವಚನದಂತಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಗೊಂಡಿತು. ಅಲ್ಲಿಯ ಅಧ್ಯಯನಗಳ ತಳಹದಿಯ ಮೇಲೆ ೧೯೬೨ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವು ರೂಪುಗೊಂಡಿತು. ಸರನಾಕ್ ಸರೋವರದ ಟ್ರೂಡೋ ಧಾಮವು ೧೯೫೪ರಲ್ಲಿಯೇ ಬಾಗಿಲು ಮುಚ್ಚಿತ್ತು.

ಇಲ್ಲಿಗೆ ಕಥೆ ಮುಗಿಯಿತು, ಗಾಳಿಯ ನಂಬಿಕೆ ಬರಿಯ ಭ್ರಮೆ ಎಂದು ತೀರ್ಪು ಕೊಡುವುದು ಸುಲಭ. ಆ ತೀರ್ಪಿನ ಮೊದಲು ನನ್ನ ಅನುಭವದ ನಾಲ್ಕು ಮಾತುಗಳಿಗೆ ವಾಚಕರು ಅವಕಾಶ ಕೊಡಬೇಕು.

೧೯೮೭ರಲ್ಲಿ, ಶಿಕ್ಷಕನಾಗಿ ಸೇರಿದ ಕೆಲವೇ ವರ್ಷಗಳಲ್ಲಿ, ನನಗೆ ಕ್ಷಯ ತಗಲಿತು. ವೈದ್ಯರು ಕ್ಷ-ಕಿರಣದ ಚಿತ್ರವನ್ನು ತೋರಿಸಿ, ಒಂದೂವರೆ ವರ್ಷ ಬಿಡದೆ ಗುಳಿಗೆ ನುಂಗಬೇಕೆಂದು ಹೇಳಿದರು. ರಜೆ ಪಡೆದು ಊರಿಗೆ ಹೋದೆ. ಹೊಲದ ಬದುವಿನಲ್ಲಿ ದೊಡ್ಡದೊಂದು ಬೇವಿನ ಮರವಿತ್ತು. ಅದರ ನೆರಳಲ್ಲಿ ಹೊರಸು ಹಾಕಿಸಿ ಹಗಲೆಲ್ಲ ಅಲ್ಲಿಯೇ ಮಲಗುತ್ತಿದ್ದೆ. ಅವ್ವನು ಹಾಲು, ರೊಟ್ಟಿ, ಬೆಣ್ಣೆ ತಂದು ತಿನ್ನಿಸುತ್ತಿದ್ದಳು. ಮೂರು ತಿಂಗಳಲ್ಲಿ ಜ್ವರ ಇಳಿಯಿತು, ಕೆಮ್ಮು ನಿಂತಿತು, ಮೈ ತುಂಬಿತು. ಬೇವಿನ ಗಾಳಿಯೇ ನನ್ನನ್ನು ಉಳಿಸಿತೆಂದು ನಾನು ನಂಬಿದೆ. ಓದಿದವನು, ಮಕ್ಕಳಿಗೆ ವಿಜ್ಞಾನವನ್ನೂ ಹೇಳಿಕೊಟ್ಟವನು, ನಾಲ್ಕನೆಯ ತಿಂಗಳಲ್ಲಿ ಗುಳಿಗೆಗಳನ್ನು ನಿಲ್ಲಿಸಿದೆ. ಯಾರೂ ನಿಲ್ಲಿಸೆಂದು ಹೇಳಿರಲಿಲ್ಲ, ತಪ್ಪು ನನ್ನದೇ. ವರ್ಷ ತುಂಬುವ ಮೊದಲೇ, ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗ ಕೆಮ್ಮು ಬಂದು ಕರವಸ್ತ್ರ ಕೆಂಪಾಯಿತು. ಮುಂದಿನ ಬೆಂಚಿನ ಹುಡುಗರು ಅದನ್ನು ಕಂಡರು. ಅಂದಿನ ಆ ಮಕ್ಕಳ ಕಣ್ಣುಗಳನ್ನು ನಾನು ಮರೆತಿಲ್ಲ. ನನ್ನ ಅವಿವೇಕವು ನನ್ನೊಬ್ಬನ ಪ್ರಾಣಕ್ಕೆ ಸಂಬಂಧಿಸಿದ್ದಲ್ಲ, ಆ ನಾಲ್ವತ್ತು ಮಕ್ಕಳ ಉಸಿರಿಗೂ ಸಂಬಂಧಿಸಿದ್ದೆಂದು ಆಗ ತಿಳಿಯಿತು.

ಈ ಸಲ ಆಸ್ಪತ್ರೆಯಲ್ಲಿ ಇರಬೇಕಾಯಿತು. ದಿನವೂ ಸೂಜಿಮದ್ದು, ಹಿಡಿತುಂಬ ಗುಳಿಗೆ. ಗುಳಿಗೆಯಿಂದ ವಾಕರಿಕೆ, ಊಟ ಸೇರದು, ರಾತ್ರಿ ನಿದ್ದೆಯಿಲ್ಲ. ಪುಷ್ಯಮಾಸದಲ್ಲಿ ನಾನು ಸೇರಿದಾಗ ಜಗಲಿಯ ಎದುರಿಗಿದ್ದ ಅರಳಿಮರದ ಎಲೆಗಳು ಹಣ್ಣಾಗತೊಡಗಿದ್ದವು. ಮಾಘ ಕಳೆಯುವ ಹೊತ್ತಿಗೆ ಮರ ಬೋಳಾಯಿತು. ಚಿಕಿತ್ಸೆಯನ್ನು ಬಿಟ್ಟು ಓಡಿಹೋಗಬೇಕೆಂದು ಅನೇಕ ಸಲ ಅನ್ನಿಸಿತು. ಪಕ್ಕದ ಮಂಚದಲ್ಲಿ ವಯಸ್ಸಾದ ರೈತರೊಬ್ಬರಿದ್ದರು. ನನ್ನ ಬೇವಿನ ಮರದ ಕಥೆಯನ್ನು ಕೇಳಿ ಅವರು ನಕ್ಕು ಹೇಳಿದರು: “ಮಾಸ್ತರ, ಮರಾನೂ ನೋಡ್ರಿ, ಗುಳಿಗೀನೂ ನುಂಗ್ರಿ. ನಿಮ್ಮ ಗುಳಿಗಿ ಮರ ನುಂಗೂದಿಲ್ಲ.” ಅಂದಿನಿಂದ ಪ್ರತಿದಿನ ಬೆಳಗ್ಗೆ ಇಬ್ಬರೂ ಜಗಲಿಗೆ ಬಂದು, ಮರದ ಕಡೆ ಮುಖ ಮಾಡಿ ಕುಳಿತು ಗುಳಿಗೆ ನುಂಗುವುದು ನಮ್ಮ ನೇಮವಾಯಿತು. ಯುಗಾದಿಯ ಹೊತ್ತಿಗೆ ಅರಳಿಯಲ್ಲಿ ತಾಮ್ರವರ್ಣದ ಚಿಗುರು ಕಾಣಿಸಿತು. ಚಿಗುರು ಹಸುರಾಗುವುದನ್ನು ನೋಡಬೇಕೆಂಬ ಒಂದು ಸಣ್ಣ ಆಸೆಯು ನನ್ನನ್ನು ಅಲ್ಲಿ ಹಿಡಿದು ನಿಲ್ಲಿಸಿತು. ರೋಗಾಣುಗಳನ್ನು ಕೊಂದದ್ದು ಔಷಧಿ. ಆ ಔಷಧಿಯನ್ನು ತಿಂಗಳುಗಟ್ಟಲೆ ಸಹಿಸುವ ತಾಳ್ಮೆಯನ್ನು ಕೊಟ್ಟದ್ದು ಆ ಮರ.

ಇದು ಒಬ್ಬ ರೋಗಿಯ ಭಾವುಕತೆಯಷ್ಟೆ ಎನ್ನುವವರಿಗೆ ಇನ್ನೊಂದು ಪ್ರಮಾಣವಿದೆ. ದಾದಿಯರ ವಿದ್ಯೆಗೆ ತಳಹದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲರು ರೋಗಿಗೆ ಬೆಳಕೂ ಕಿಟಕಿಯಾಚೆಯ ನೋಟವೂ ಬೇಕೆಂದು ೧೮೫೯ರ ತಮ್ಮ ಗ್ರಂಥದಲ್ಲಿಯೇ ಪ್ರತಿಪಾದಿಸಿದ್ದರು. ೧೯೮೪ರಲ್ಲಿ ಅಮೆರಿಕದ ರೋಜರ್ ಉಲ್ರಿಚ್ ಎಂಬ ಸಂಶೋಧಕರು ಇದನ್ನು ಲೆಕ್ಕಹಾಕಿ ತೋರಿಸಿದರು. ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರಲ್ಲಿ ೧೯೭೨ರಿಂದ ೧೯೮೧ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ೪೬ ರೋಗಿಗಳ ದಾಖಲೆಗಳನ್ನು ಅವರು ಹೋಲಿಸಿದರು. ಅವರಲ್ಲಿ ೨೩ ಮಂದಿಯ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಉಳಿದ ೨೩ ಮಂದಿಗೆ ಇಟ್ಟಿಗೆಯ ಗೋಡೆಯಷ್ಟೇ ಕಾಣುತ್ತಿತ್ತು. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು. ನೋವು ತಡೆಯುವ ಪ್ರಬಲ ಔಷಧಿಗಳನ್ನು ಕಡಿಮೆ ಬೇಡಿದರು. ಚಿಕಿತ್ಸೆ ಇಬ್ಬರಿಗೂ ಅದೇ. ಶಸ್ತ್ರವೈದ್ಯನ ಕೆಲಸವನ್ನು ಮರವು ಮಾಡಲಿಲ್ಲ. ಆದರೆ ಶಸ್ತ್ರವೈದ್ಯನ ಕೆಲಸ ಮುಗಿದ ಮೇಲೆ ಉಳಿಯುವ ನೋವಿನ ಭಾರವನ್ನು ಅದು ತುಸು ಹಗುರಗೊಳಿಸಿತು.

ಹಳೆಯ ಧಾಮಗಳ ಇನ್ನೊಂದು ಅಂಗವಾದ ಆಹಾರಕ್ಕೂ ಮನ್ನಣೆ ಮರಳಿ ದೊರೆತಿದೆ. ಮಂಗಳೂರಿನ ಸಂಶೋಧಕರು ಮುಂದೆ ನಿಂತು ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ನಡೆಸಿ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನವು, ಕ್ಷಯರೋಗಿಯ ಮನೆಯವರಿಗೆ ಪುಷ್ಟಿಕರವಾದ ಆಹಾರಧಾನ್ಯಗಳನ್ನು ಒದಗಿಸಿದಾಗ ಅವರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ನೂರಕ್ಕೆ ೩೯ರಷ್ಟು ಕಡಿಮೆಯಾಯಿತೆಂದು ತೋರಿಸಿದೆ. ಟ್ರೂಡೋವಿನ ದ್ವೀಪದ ಮೊಲಗಳು ಹೇಳಿದ ಮಾತನ್ನೇ ಇದು ಮನುಷ್ಯರ ನಡುವೆ ಮತ್ತೆ ಹೇಳಿದಂತಾಯಿತು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಇಂದಿಗೂ ನಮ್ಮ ದೇಶದಲ್ಲಿಯೇ ಇರುವಾಗ ಈ ಮಾತಿಗೆ ತೂಕ ಹೆಚ್ಚು. ಹಸಿದ ಮನೆಗೆ ಒಂದು ಚೀಲ ಧಾನ್ಯ ಮುಟ್ಟಿಸುವ ದಾಸೋಹವೂ ರೋಗನಿವಾರಣೆಯ ಒಂದು ಮಾರ್ಗವೆಂಬುದು ಇದರಿಂದ ಸಿದ್ಧವಾಗುತ್ತದೆ.

ಈ ಇತಿಹಾಸದಿಂದ ನಾವು ಕಲಿಯಬೇಕಾದುದು ಏನು? ಗಾಳಿಯೇ ಮದ್ದೆಂದವರೂ ತಪ್ಪಿದರು. ಮದ್ದು ಬಂದ ಮೇಲೆ ಮರವೇಕೆಂದವರೂ ತಪ್ಪಿದರು. ರೋಗವು ಗುಣವಾಗುವುದು ಬೇರೆ, ರೋಗಿಯು ಚೇತರಿಸಿಕೊಳ್ಳುವುದು ಬೇರೆ. ಮೊದಲನೆಯದು ಔಷಧಿಯ ಕಾರ್ಯ. ಎರಡನೆಯದರಲ್ಲಿ ಅನ್ನಕ್ಕೆ, ಬೆಳಕಿಗೆ, ಹಸುರಿಗೆ, ಪಕ್ಕದ ಮಂಚದ ಮನುಷ್ಯನಿಗೆ ಪಾಲಿದೆ. ಅಕ್ಕಮಹಾದೇವಿಯು ಕಾಡಿನ ಗಿಳಿ ಕೋಗಿಲೆಗಳನ್ನು ಮಾತನಾಡಿಸುವ ವಚನವನ್ನು ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಆಕೆ ಅವುಗಳಲ್ಲಿ ತನ್ನ ದೇವನ ಸುಳಿವನ್ನು ಕೇಳುತ್ತಾಳೆಯೇ ಹೊರತು ಅವುಗಳನ್ನೇ ದೇವನೆಂದು ತಿಳಿಯುವುದಿಲ್ಲ. ಸುಳಿವು ಕೊಡುವವರನ್ನು ಗುರಿಯೆಂದು ಭ್ರಮಿಸಬಾರದು. ಸುಳಿವು ಕೊಟ್ಟವರನ್ನು ಮರೆಯಲೂಬಾರದು. ಈ ಅರ್ಥವು ನನಗೆ ಹೊಳೆದದ್ದು ಗ್ರಂಥಾಲಯದಲ್ಲಲ್ಲ, ಆ ಅರಳಿಮರದ ಎದುರಿನ ಜಗಲಿಯಲ್ಲಿ.

ಆದುದರಿಂದ ಈ ಪುಟಗಳನ್ನು ಓದುವ ಯಾವ ಮನೆಯಲ್ಲಿಯಾದರೂ ದೀರ್ಘವ್ಯಾಧಿಯಿಂದ ಮಲಗಿದವರಿದ್ದರೆ, ಅವರ ಹಾಸಿಗೆಯನ್ನು ಕಿಟಕಿಯ ಕಡೆಗೆ ತಿರುಗಿಸಿರಿ. ಕಿಟಕಿಯಾಚೆ ಮರವಿಲ್ಲದಿದ್ದರೆ ಒಂದು ತುಳಸಿಯ ಕುಂಡವನ್ನಾದರೂ ಇರಿಸಿರಿ. ಆಮೇಲೆ ಮರೆಯದೆ, ವೈದ್ಯರು ಹೇಳಿದ ಹೊತ್ತಿಗೆ, ಹೇಳಿದಷ್ಟು ದಿನ, ಮದ್ದನ್ನು ಅವರ ಕೈಗೆ ಕೊಡಿರಿ.